ಬರಿಗೈಲಿ ಹೋಗದ ಮನುಷ್ಯ

೧೯೮೧ನೆಯ ಇಸವಿ ಮಾರ್ಚ್ ೮, ಭಾನುವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕೂತೆ. ಇಷ್ಟರಲ್ಲೇ ಎರಡು ಸಲ ಎದ್ದು ಬಾಗಿಲ ತನಕ ಹೋಗಿ ಬಂದಿದ್ದೇನೆ. ಈ ತಿಂಗಳ ಮೂವತ್ತೊಂದಕ್ಕೆ ಒಬ್ಬರ ಒಂದು ತಿಂಗಳ ಪಗಾರ ಸಾಯುತ್ತದೆ. ಆ ಒಬ್ಬರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಅವರ ಬಗ್ಗೆ ನಿಧಾನವಾಗಿ, ಸಮಾಧಾನದಿಂದ ಬರೆಯಬೇಕೆಂದು ಮೂರು ವರ್ಷದಿಂದ ಅಂದುಕೊಂಡಿದ್ದೆ. ಸಮಾಧಾನ ಬರಲಿಲ್ಲ, ಮಾರ್ಚ್ ಬಂತು.

ಹೆಸರು ಬರೆಯುವುದಿಲ್ಲ. ಅವರ ಹೆಸರು ಬರೆದರೆ ಅಂಗಡಿಯ ಹೆಸರೂ ಜೊತೆಗೆ ಬರುತ್ತದೆ. ಅವರನ್ನು ಒಮ್ಮೆ ಕಂಡವರಿಗೆ ಹೆಸರು ಬೇಕಾಗುವುದೂ ಇಲ್ಲ. ನಾನು ಕಾಕಾ ಎನ್ನುತ್ತಿದ್ದೆ. ಹುಮನಾಬಾದಿನ ಒಂದು ಬಟ್ಟೆ ಅಂಗಡಿಯಲ್ಲಿ ಅವರದು ವಸೂಲಿ ಕೆಲಸ. ಮದುವೆಗೆ, ಹಬ್ಬಕ್ಕೆ ಬಟ್ಟೆ ಉದ್ರಿ ಒಯ್ದವರ ಮನೆಗಳಿಗೆ ಹೋಗಿ ಬಾಕಿ ಕೇಳುವುದು. ನಾನು ಪಿಯುಸಿ ಮುಗಿಸಿ ೧೯೭೩ರಲ್ಲಿ ಅದೇ ಅಂಗಡಿಗೆ ಲೆಕ್ಕ ಬರೆಯಲು ಸೇರಿದಾಗ ಅವರಿಗೆ ಐವತ್ತು ದಾಟಿತ್ತು. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನನ್ನ ಖೋಲಿಯ ಎದುರಿನ ಖೋಲಿಯೇ ಅವರದು.

ಮೊದಲ ದಿನವೇ ದಿನಚರಿಯಲ್ಲಿ ಬರೆದುಕೊಂಡದ್ದು: "ಈ ಮನುಷ್ಯ ಕೂರುವುದಿಲ್ಲ." ನಿಜಕ್ಕೂ ಕೂರುತ್ತಿರಲಿಲ್ಲ. ಚಹಾ ನಿಂತೇ ಕುಡಿಯುವರು. ಅಂಗಡಿಯ ಮಾಲೀಕ ಸಾವಕಾರರು ಗಾದಿ ತೋರಿಸಿದರೆ ಗಾದಿಯ ಅಂಚಿಗೆ ಒಂದು ಮೊಣಕಾಲು ಊರಿ, ಇನ್ನೊಂದು ಕಾಲನ್ನು ನೆಲದ ಮೇಲೇ ಇಟ್ಟುಕೊಂಡು ಮಾತಾಡುವರು. ಆ ನೆಲದ ಮೇಲಿನ ಕಾಲು, ಎಡಗಾಲು, ತಾಳ ಹಾಕುತ್ತಲೇ ಇರುತ್ತಿತ್ತು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಲ್ಲುವರು. ಯಾಕೆಂದು ನಾನು ಒಮ್ಮೆ ಕೇಳಿದೆ.

"ನಾ ಕುಂತರ ಮಿಯಾದ ಕುಂದರ್ತದೇನೋ ತಮ್ಮಾ? ಅದು ಓಡಾಕತ್ತದ."

ಮಿಯಾದ ಎಂದರೆ ಗಡುವು. ನಮ್ಮ ಕಡೆ ನಿಜಾಮರ ಕಾಲದ ಕೋರ್ಟಿನಿಂದ ಉಳಿದ ಮಾತು. ಕಾನೂನು ಹೀಗಿದೆ: ಉದ್ರಿ ಕೊಟ್ಟ ಸಾಮಾನಿನ ಹಣಕ್ಕೆ, ಕೊಟ್ಟ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. ಮೂರು ವರ್ಷ ದಾಟಿದರೆ ಕೋರ್ಟು ಕೇಳುವುದಿಲ್ಲ. ಆದರೆ ಆ ಮೂರು ವರ್ಷ ತುಂಬುವ ಮೊದಲು ಗಿರಾಕಿ ಬಾಕಿಯಲ್ಲಿ ಒಂದೇ ರೂಪಾಯಿ ಕಟ್ಟಿ, ಕಟ್ಟಿದ್ದಕ್ಕೆ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಸಾಕು, ಆ ದಿನದಿಂದ ಮತ್ತೆ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ. ಸಾವಕಾರರಿಗೆ ಕೋರ್ಟಿಗೆ ಹೋಗುವ ಚಟವಿರಲಿಲ್ಲ. ಬಾಕಿ ಜೀವಂತ ಇರಬೇಕು, ಎಂದಾದರೂ ಬಂದೀತು ಎನ್ನುವವರು ಅವರು. ಹಾಗಾಗಿ ಕಾಕಾನ ಕೆಲಸ ಹಣ ತರುವುದಕ್ಕಿಂತ ಹೆಚ್ಚಾಗಿ ಒಂದು ರೂಪಾಯಿ ತರುವುದಾಗಿತ್ತು. ಯಾರ ಮಿಯಾದ ಯಾವಾಗ ಮುಗಿಯುತ್ತದೆ ಎಂಬುದು ಅವರ ಬಾಯಲ್ಲೇ ಇರುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜುವಾಗ ಎದುರಿನ ಕಟ್ಟೆಯಿಂದ ಕೇಳಿಸುತ್ತಿತ್ತು: "ದುಬಲಗುಂಡಿ, ಮಂಗಳವಾರ. ಕಲ್ಯಾಣ, ಶನಿವಾರ."

ಆ ರೂಪಾಯಿಯನ್ನು ಅವರು ಪಡೆಯುತ್ತಿದ್ದ ರೀತಿಯನ್ನು ಹೇಳಲೇಬೇಕು. ಮನೆಗೆ ಹೋಗಿ ಬಾಕಿಯ ಮಾತೇ ಎತ್ತುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಎತ್ತು ಹೇಗಿದೆ, ಮಗಳು ಬಾಣಂತನಕ್ಕೆ ಬಂದಳೇ, ತೊಗರಿ ಹೇಗೆ ಎಂದು ಕೇಳುವರು. ನೀರು ಕೊಟ್ಟರೆ ಕುಡಿಯುವರು. ಆಮೇಲೆ ಕೊಡೆ ಎತ್ತಿಕೊಂಡು, ಹೊಸ್ತಿಲ ಹೊರಗೆ ಒಂದು ಕಾಲಿಟ್ಟು, ತಿರುಗಿ, ಮೆತ್ತಗೆ ಅನ್ನುವರು: "ಮತ್ತ, ಬರಿಗೈಲೆ ಕಳಸ್ತೀರೇನ್ರಿ?"

ನಮ್ಮ ಸೀಮೆಯಲ್ಲಿ ಮನೆ ಹೊಸ್ತಿಲಿಗೆ ಬಂದವರನ್ನು ಬರಿಗೈಲಿ ಕಳಿಸುವುದು ಸಣ್ಣ ಮಾತಲ್ಲ. ಜಂಗಮರು ಬರಲಿ, ಭಿಕ್ಷುಕ ಬರಲಿ, ಒಂದು ಹಿಡಿ ಜೋಳವಾದರೂ ಬೀಳಬೇಕು. ವಸೂಲಿಯವರಾದರೇನು, ಬಂದವರು ಬಂದವರೇ. ಮುನ್ನೂರು ಕೇಳಿದ್ದರೆ ಜಗಳವಾಡುತ್ತಿದ್ದ ಮನೆಯವರು ಒಳಗೆ ಹೋಗಿ ಡಬ್ಬಿ ತಡಕಾಡಿ ಒಂದು ರೂಪಾಯಿ ತಂದು ಕೊಡುವರು. ಕಾಕಾ ಅದನ್ನು ಕಣ್ಣಿಗೆ ಒತ್ತಿಕೊಳ್ಳುವರು. ಆಮೇಲೆ ಚೀಲದಿಂದ ಪುಸ್ತಕ, ಶಾಯಿಯ ಪ್ಯಾಡು. "ಇಲ್ಲೊಂದು ಸಹಿ ಹಾಕ್ರಿ. ಇಲ್ಲಾಂದ್ರ ಸಾವಕಾರ್ರು ನಾ ಚಹಾ ಕುಡದೀನಿ ಅಂತಾರ." ಎಲ್ಲರೂ ನಗುತ್ತಾ ಸಹಿ ಹಾಕುವರು. ನಗು ಮುಗಿಯುವಷ್ಟರಲ್ಲಿ ಮೂರು ವರ್ಷ ಮತ್ತೆ ಶುರುವಾಗಿರುತ್ತಿತ್ತು.

ಇದನ್ನು ಬಲ್ಲವನು ಒಬ್ಬನಿದ್ದ, ಬಸವಕಲ್ಯಾಣದ ಒಬ್ಬ ಬೇಳೆ ವ್ಯಾಪಾರಿ. ಅವನ ತಮ್ಮ ವಕೀಲನ ಹತ್ತಿರ ಕೆಲಸಕ್ಕಿದ್ದ. ಕಾಕಾ ಹೋದಾಗಲೆಲ್ಲ ಆತ ಚಹಾ ತರಿಸುವನು, ಫರಾಳ ತರಿಸುವನು, ಒಮ್ಮೆ ಊಟವನ್ನೇ ಹಾಕಿಸಿದ್ದ, ರೂಪಾಯಿ ಮಾತ್ರ ಕೊಡಲಿಲ್ಲ. ಒಂದು ಸಲ ನಾನೂ ಜೊತೆಗಿದ್ದೆ. ಕಾಕಾ ಎಂದಿನಂತೆ ಹೊಸ್ತಿಲಲ್ಲಿ ತಿರುಗಿದರು.

"ಬರಿಗೈ ಎಲ್ಲದ ಕಾಕಾ? ಹೊಟ್ಟಿ ತುಂಬಿಸಿ ಕಳಸಾಕತ್ತೇನಿ."

"ಹಂಗಾರ ಚಹಾ ಮುಟ್ಟಿದ್ದಕ್ಕ ಸಹಿ ಮಾಡ್ರಿ."

"ಚಹಾ ಕುಡದವ್ರು ನೀವು. ಸಹಿ ನೀವ ಮಾಡ್ರಿ."

ಇಬ್ಬರೂ ಬಿದ್ದು ಬಿದ್ದು ನಕ್ಕರು. ಮರು ತಿಂಗಳು ಆ ಮಿಯಾದ ಮುಗಿಯಿತು. ನನಗೆ ತಿಳಿದಂತೆ ಅಲ್ಲಿಯವರೆಗೆ ಕಾಕಾ ಕಳೆದುಕೊಂಡದ್ದು ಅದೊಂದೇ. ಬಸ್ಸಿನಲ್ಲಿ ಬರುವಾಗ ಅವರಿಗೆ ಕೋಪವೇನೂ ಇರಲಿಲ್ಲ. ಒಳ್ಳೆಯ ಪೈಲವಾನನ ಕೈಲಿ ಚಿತ್ ಆದವರ ಹಾಗೆ ಖುಷಿಯಾಗಿಯೇ ಇದ್ದರು.

೧೯೭೬ರ ಮಳೆಗಾಲ ಕಳೆದ ಮೇಲೆ ಸಾವಕಾರರ ಅಳಿಯ ಅಂಗಡಿಗೆ ಬಂದು ಗಾದಿಯ ಮೇಲೆ ಕೂತರು. ಅವರು ಓದಿದವರು, ಚುರುಕು. ಜೀವಂತ ಇಟ್ಟ ಬಾಕಿ ಎಂದರೆ ದಾವೆ ಹಾಕಬಹುದಾದ ಬಾಕಿ ಎಂದು ಮೊದಲ ವಾರವೇ ಕಂಡುಕೊಂಡರು. ಕಾಕಾ ಒಂದೊಂದು ರೂಪಾಯಿ ಹಾಕಿ ಕಾಪಾಡಿದ್ದ ಬಾಕಿಗಳನ್ನು ಒಂದೊಂದಾಗಿ ವಕೀಲರಿಗೆ ಕೊಡತೊಡಗಿದರು. ಮೊದಲನೆಯದು ಕಲ್ಯಾಣದ ಒಬ್ಬ ಕಲಾಯಿಯವನದು. ಊರೂರು ತಿರುಗಿ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವ. ತಿಂಗಳಿಗೊಮ್ಮೆ ಸೈಕಲ್ಲಿನ ಮೇಲೆ ತಿದಿ ಕಟ್ಟಿಕೊಂಡು ಹುಮನಾಬಾದಿಗೂ ಬರುತ್ತಿದ್ದ. ನಮ್ಮ ಓಣಿಯಲ್ಲಿ ಒಲೆ ಹೂಡುತ್ತಿದ್ದ. ಕಾಕಾನ ಪಾತ್ರೆಗಳಿಗೂ ಅವನೇ ಕಲಾಯಿ ಹಾಕುವವ.

ಸಹಿ ತಮ್ಮೆದುರೇ ಆಯಿತೆಂದು ಹೇಳಲು ಕಾಕಾ ಸಾಕ್ಷಿಯಾಗಿ ನಿಲ್ಲಬೇಕಾಯಿತು. ನಾನು ಪುಸ್ತಕಗಳನ್ನು ಹೊತ್ತುಕೊಂಡು ಕೋರ್ಟಿಗೆ ಹೋಗಿದ್ದೆ. ವಕೀಲರು ಕೇಳಿದ್ದಕ್ಕೆ ಕಾಕಾ ಹೌದೆಂದರು. ಸುಳ್ಳೇನೂ ಅಲ್ಲ. ಕಲಾಯಿಯವನ ಸರದಿ ಬಂದಾಗ ಅವನು ನ್ಯಾಯಾಧೀಶರ ಕಡೆ ನೋಡಲೇ ಇಲ್ಲ, ಕಾಕಾನ ಕಡೆ ನೋಡುತ್ತ ಹೇಳಿದ:

"ಸಹಿ ನಂದೇ ಅದರಿ. ಆದ್ರ ಆ ರೂಪಾಯಿ ಸಾಲಕ್ಕ ಅಂತ ಕೊಟ್ಟಿದ್ದಲ್ಲ. ಬಿಸಲಾಗ ನಡಕೋತ ಬಂದಿದ್ರು, ಬಸ್ಸಿಗೆ ಇರಲಿ ಅಂತ ಕೊಟ್ಟೆ. ಅವ್ರಿಗೇ ಕೇಳ್ರಿ."

ಯಾರೂ ಕೇಳಲಿಲ್ಲ. ಕಾಗದದಲ್ಲಿ ಬಾಕಿಗೆ ಜಮಾ ಎಂದಿತ್ತು, ಕೆಳಗೆ ಸಹಿ ಇತ್ತು. ಮರುವರ್ಷ ಡಿಕ್ರಿ ಆಯಿತು. ಹಣ ಕಟ್ಟಲಾಗದೆ ಹೋದಾಗ ಕೋರ್ಟಿನ ಬೇಲೀಫ ಬಂದು ಸೈಕಲ್ಲು ಜಪ್ತಿ ಮಾಡಿದ.

ಮುಂದಿನ ಸಲ ಕಲಾಯಿಯವನು ನಮ್ಮ ಓಣಿಗೆ ಬಂದದ್ದು ತಿದಿಯನ್ನು ಹೆಗಲ ಮೇಲೆ ಹೊತ್ತು. ಕಾಕಾ ಬಾಗಿಲು ಹಾಕಿಕೊಂಡರು. ಅವನು ಬಾಗಿಲು ಬಡಿದು ತೆರೆಸಿ, ತಾನೇ ಒಳಗಿನಿಂದ ಪಾತ್ರೆಗಳನ್ನು ತೆಗೆದುಕೊಂಡು, ಬೆಳ್ಳಿಯ ಹಾಗೆ ಹೊಳೆಯುವಂತೆ ಕಲಾಯಿ ಹಾಕಿ ಸಾಲಾಗಿ ಇಟ್ಟ. ಕಾಕಾ ಎರಡರಷ್ಟು ಹಣ ಹಿಡಿದರು. ಅವನು ತನ್ನ ಪಾಲಿನದಷ್ಟನ್ನೇ ಎಣಿಸಿಕೊಂಡ.

"ತಗೊಂಡೀನ್ರಿ ಕಾಕಾ. ಆದ್ರ ಸಹಿ ಮಾಡಂಗಿಲ್ಲ ನೋಡ್ರಿ."

ಓಣಿಯವರೆಲ್ಲ ನಕ್ಕರು. ಅವನೂ ನಕ್ಕ. ಕಾಕಾ ನಗಲಿಲ್ಲ. ಅಂದು ರಾತ್ರಿಯ ಊಟಕ್ಕೆ ನನ್ನ ಖೋಲಿಗೆ ಬಂದರು. ತಮ್ಮ ಪಾತ್ರೆಗಳಲ್ಲಿ ಅಡಿಗೆ ಮಾಡಿಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಅವರ ಎಡಗಾಲಿನ ತಾಳ ಹೆಚ್ಚಾಯಿತು. ಊರುಗಳಿಗೆ ಹೋಗುವರು, ಬರುವರು, ಕೈಯಲ್ಲಿ ಸಹಿ ಇರುತ್ತಿರಲಿಲ್ಲ. ಮನೆಯಲ್ಲಿ ಯಾರೂ ಇರಲಿಲ್ಲವೆನ್ನುವರು, ಬಸ್ಸು ಕೆಟ್ಟಿತ್ತೆನ್ನುವರು. "ನಾಳಿ ನೋಡೋಣು" ಎಂಬ ಮಾತನ್ನು ಅವರ ಬಾಯಲ್ಲಿ ನಾನು ಆ ಚಳಿಗಾಲದಲ್ಲೇ ಮೊದಲು ಕೇಳಿದ್ದು. ಅಳಿಯನವರು ೧೯೭೭ರ ಡಿಸೆಂಬರಿನಿಂದ ಅವರ ಪಗಾರ ತಡೆದರು. ವಸೂಲಿ ತೋರಿಸಿ ಪಗಾರ ಒಯ್ಯಿರಿ ಎಂದರು. ತಿಂಗಳಿಗೆ ನೂರಾ ಇಪ್ಪತ್ತು ರೂಪಾಯಿ. ಕಾಕಾ ಎದುರಾಡಲಿಲ್ಲ. ಈ ಅಂಗಡಿಯ ಉಪ್ಪು ತಿಂದಿದ್ದೇನೆ ಎನ್ನುವುದು ಅವರ ಮಾತು. ಅಂಗಡಿಯ ಗುಟ್ಟನ್ನು ಗಿರಾಕಿಗೆ ಹೇಳುವುದೂ ಅವರಿಂದ ಆಗದು, ಮತ್ತೊಂದು ರೂಪಾಯಿ ತರುವುದೂ ಆಗದು. ಹೀಗೆ ೧೯೭೮ರ ಏಪ್ರಿಲ್ ಬಂತು.

ಏಪ್ರಿಲ್ ೨೭, ಗುರುವಾರ. ರಾಜೇಶ್ವರದ ಒಬ್ಬ ಹೆಣ್ಣುಮಗಳ ಬಾಕಿಗೆ ಅದೇ ಕೊನೆಯ ದಿನ. ಗಂಡ ಬದುಕಿದ್ದಾಗ ಮಗಳ ಮದುವೆಗೆ ಬಟ್ಟೆ ಒಯ್ದದ್ದು. ಗಂಡ ಹೋದ ಮೇಲೆ ಆಕೆ ಚುರಮುರಿ ಹುರಿದು ಮಾರುತ್ತಿದ್ದಳು. ಎರಡು ಖೋಲಿಯ ಮನೆ, ಅದು ಬಿಟ್ಟರೆ ಆಕೆಗೆ ಏನೂ ಇರಲಿಲ್ಲ. ಹಿಂದೆ ಎರಡು ಸಲ ಕಾಕಾ ಅವಳಿಂದ ರೂಪಾಯಿ ತಂದು ಆ ಬಾಕಿಯನ್ನು ಉಳಿಸಿದ್ದರು. ಈ ಸಲ ಹೆಬ್ಬೆಟ್ಟು ಬಿದ್ದರೆ ಮರುವಾರವೇ ದಾವೆ ಎಂದು ಅಳಿಯನವರು ಕಾಗದ ತಯಾರು ಮಾಡಿಸಿದ್ದರು. ಕಾಕಾನ ಮೇಲೆ ನಂಬಿಕೆಯಿಲ್ಲದೆ ನನ್ನನ್ನೂ ಜೊತೆಗೆ ಕಳಿಸಿದರು. ಪ್ಯಾಡು ನನ್ನ ಚೀಲದಲ್ಲಿತ್ತು.

ಹೋದಾಗ ಆಕೆ ಒಲೆಯ ಮುಂದಿದ್ದಳು. ಎದ್ದು ನೀರು ಬೆಲ್ಲ ಕೊಟ್ಟಳು. ಕಾಕಾ ನಿಂತೇ ಮಗಳ ಸುದ್ದಿ ಕೇಳಿದರು, ಮೊಮ್ಮಗನಿಗೆ ಹಲ್ಲು ಬಂತೇ ಎಂದರು. ಮಾತು ಮುಗಿಯಿತು. ಕೊಡೆ ಎತ್ತಿಕೊಂಡರು. ಹೊಸ್ತಿಲು ದಾಟಿದರು. ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ. ಅವರು ತಿರುಗಲಿಲ್ಲ.

"ಬರ್ತೀನಿ ತಂಗಿ" ಎಂದವರೇ ನಡೆದುಬಿಟ್ಟರು.

ಆಕೆ ಗಾಬರಿಯಾದಳು. ಕಾಕಾ ಕೇಳಲಿ ಬಿಡಲಿ, ಕೊಡುವುದು ಆಕೆಯ ರೂಢಿ. ಒಳಗೆ ಓಡಿ ರೂಪಾಯಿ ತಂದಳು, ಅಷ್ಟರಲ್ಲಿ ಕಾಕಾ ಬೀದಿಯ ತಿರುವಿನಲ್ಲಿದ್ದರು. ಆಕೆ ಸೆರಗು ಹಿಡಿದು ಅವರ ಹಿಂದೆ, ನಾನು ಚೀಲ ಹಿಡಿದು ಆಕೆಯ ಹಿಂದೆ. ಬಾಕಿ ಕೊಡಬೇಕಾದವರು ವಸೂಲಿಯವನನ್ನು ಅಟ್ಟಿಸಿಕೊಂಡು ಹೋಗುವುದನ್ನು ರಾಜೇಶ್ವರದವರು ಹೊರಸಿನ ಮೇಲೆ ಕೂತು ನೋಡಿದರು. ಒಬ್ಬ ಮುದುಕ ಕೂಗಿ ಹೇಳಿದ: "ಓಡ್ರಿ ಓಡ್ರಿ, ರೊಕ್ಕ ಕೊಡ್ತಾಳಂತ ಆಕಿ!"

ರಸ್ತೆಗೆ ಬರುವುದಕ್ಕೂ ಕಲ್ಯಾಣದ ಕಡೆಯಿಂದ ಬಸ್ಸು ಬರುವುದಕ್ಕೂ ಸರಿಹೋಯಿತು. ಕಾಕಾ ಹತ್ತಿ ಒಳಗೆ ಹೋದರು. ನಾನೂ ಹತ್ತಿದೆ. ಆಕೆ ಬಾಗಿಲ ಸರಳು ಹಿಡಿದು ನಿಂತಳು.

"ಯಪ್ಪಾ, ನನ್ನ ಮನೀಗ ಬಂದು ಬರಿಗೈಲೆ ಹೊಂಟೀರಲ್ಲ. ನಾ ಏನ ತಪ್ಪ ಮಾಡೀನಿ, ಹೇಳಿ ಹೋಗ್ರಿ."

ಕಾಕಾ ಹೇಳಲಿಲ್ಲ. ಹೇಳಬಹುದಾಗಿತ್ತು, ಆದರೆ ಪಕ್ಕದಲ್ಲಿ ನಾನಿದ್ದೆ, ನನ್ನ ಆಚೆ ಅಂಗಡಿಯಿತ್ತು. ಅವರು ಇಷ್ಟೇ ಅಂದರು: "ಏನೂ ತಪ್ಪಿಲ್ಲ ತಂಗಿ. ಮನೀಗ ಹೋಗು. ಒಲಿ ಮ್ಯಾಲ ಬಾಣಲಿ ಅದ."

ಬಸ್ಸು ಅಲುಗಿತು. ಆಕೆ ರೂಪಾಯಿಯನ್ನು ಕಂಡಕ್ಟರನ ಕೈಗೆ ತುರುಕಿ ಆ ಅಪ್ಪನಿಗೆ ಕೊಡು ಎಂದು ಕೆಳಗಿಳಿದಳು. ಕಂಡಕ್ಟರನಿಗೆ ಇಡೀ ಕತೆ ಯಾಕೆ ಬೇಕು? ಕಾಕಾನಿಗೆ ಹುಮನಾಬಾದಿನ ಟಿಕೀಟು ಹರಿದು ಕೊಟ್ಟ, ಚಿಲ್ಲರೆ ಕೊಟ್ಟ, ಮುಂದೆ ಹೋದ.

ಆಗ ಕಾಕಾ ಕೂತರು. ಸೀಟಿನ ಮೇಲೆ, ಬೆನ್ನು ಆನಿಸಿ, ಎರಡೂ ಕಾಲು ನೆಲಕ್ಕೆ ಊರಿ. ಎಡಗಾಲು ಅಲ್ಲಾಡಲಿಲ್ಲ. ಟಿಕೀಟನ್ನು ಬಹಳ ಹೊತ್ತು ನೋಡಿದರು.

"ಕಲಾಯಿಯವ ಖರೇನ ಹೇಳಿದ್ದ ನೋಡೋ ತಮ್ಮಾ. ಬಸ್ಸಿಗಂತನ ಕೊಡ್ತಾರ."

ಅಂಗಡಿಯಲ್ಲಿ ನನ್ನನ್ನು ಮೊದಲು ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಆಕೆ ರೂಪಾಯಿ ಕೊಟ್ಟಳು, ಅದು ಕಂಡಕ್ಟರನಿಗೆ ಹೋಯಿತು, ಹೆಬ್ಬೆಟ್ಟಿಲ್ಲ. ಅಳಿಯನವರು ನಕ್ಕುಬಿಟ್ಟರು. ಆಕೆಯಿಂದ ಎಷ್ಟು ತಿಂದಿರಿ, ಇವನಿಗೆಷ್ಟು ಕೊಟ್ಟಿರಿ ಎಂದು ಕಾಕಾನನ್ನು ಎಲ್ಲರ ಎದುರು ಕೇಳಿದರು. ಕಾಕಾ ಸಾವಕಾರರ ಕಡೆ ನೋಡಿದರು. ಸಾವಕಾರರು ಬಟ್ಟೆಯ ಥಾನು ಮಡಿಚುವುದರಲ್ಲಿದ್ದರು. ಮಾರನೆಯ ದಿನ, ಶುಕ್ರವಾರ, ಕೆಲಸದಿಂದ ತೆಗೆದರು. ಡಿಸೆಂಬರಿನಿಂದ ಏಪ್ರಿಲಿನವರೆಗಿನ ಪಗಾರವನ್ನು ಕೊಡಲಿಲ್ಲ. ತಿಂದವರಿಗೆ ಪಗಾರ ಯಾಕೆ ಎಂದರು.

ಆ ಶನಿವಾರ ಕಾಕಾ ಆ ಹೊಳೆಯುವ ಪಾತ್ರೆಗಳನ್ನು ಮಾರಿ, ಹಾಲಿನವಳದು, ಚಹಾದ ಅಂಗಡಿಯದು, ಖೋಲಿಯ ಬಾಡಿಗೆ, ಎಲ್ಲವನ್ನೂ ಚುಕ್ತಾ ಮಾಡಿದರು. ಸೋಮವಾರ ಬೆಳಿಗ್ಗೆ ಎದುರಿನ ಕಟ್ಟೆಯಿಂದ ಊರು, ವಾರಗಳ ಹೆಸರು ಕೇಳಿಸಲಿಲ್ಲ. ಬಾಗಿಲು ತೆರೆದೇ ಇತ್ತು. ಸೋಲಾಪುರದ ಬಸ್ಸು ಹತ್ತಿದರೆಂದು ಒಬ್ಬರು, ಜಹೀರಾಬಾದಿನ ಕಡೆಯದೆಂದು ಇನ್ನೊಬ್ಬರು.

ನಾನು ಮರುವರ್ಷ ಆ ಕೆಲಸ ಬಿಟ್ಟೆ. ಈಗ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿದ್ದೇನೆ. ಆದರೆ ಕಾಕಾ ಕಲಿಸಿದ ರೋಗ ಬಿಟ್ಟಿಲ್ಲ. ಪಗಾರದ ಬಾಕಿಗೂ ಮಿಯಾದ ಮೂರೇ ವರ್ಷ, ಆಯಾ ತಿಂಗಳದು ಆಯಾ ತಿಂಗಳಿಗೆ. ಡಿಸೆಂಬರಿನದು ಹೋಯಿತು. ಜನವರಿಯದು ಹೋಯಿತು. ಫೆಬ್ರುವರಿಯದು ಹೋದ ವಾರ ಹೋಯಿತು. ಉಳಿದದ್ದು ಮಾರ್ಚ್ ಮತ್ತು ಏಪ್ರಿಲ್.

ಮೊನ್ನೆ ಸಾವಕಾರರ ಹತ್ತಿರ ಹೋಗಿದ್ದೆ. ಈಗ ಅವರಿಗೆ ವಯಸ್ಸಾಗಿದೆ. ಅಳಿಯನವರು ಊರಲ್ಲಿರಲಿಲ್ಲ. ಹಣ ಕೇಳಲಿಲ್ಲ. ಇಂಥವರಿಗೆ ಇಷ್ಟು ಪಗಾರ ಕೊಡುವುದಿದೆ ಎಂದು ಒಂದು ಸಾಲು ಬರೆದು ಸಹಿ ಹಾಕಿದರೆ ಉಳಿದೆರಡು ತಿಂಗಳದಾದರೂ ಮತ್ತೆ ಮೂರು ವರ್ಷ ಬದುಕುತ್ತದೆ. ಆಕಳು ಹೇಗಿದೆ, ಮೊಮ್ಮಕ್ಕಳು ಹೇಗಿದ್ದಾರೆ ಎಂದೆಲ್ಲ ಕೇಳಿದೆ. ಎದ್ದೆ. ಹೊಸ್ತಿಲ ಹೊರಗೆ ಒಂದು ಕಾಲಿಟ್ಟು ತಿರುಗಿದೆ.

"ಬರಿಗೈಲೆ ಕಳಸ್ತೀರೇನ್ರಿ ಸಾವಕಾರ್ರ?"

ಅವರು ಕನ್ನಡಕ ತೆಗೆದರು. ಕಣ್ಣು ಒದ್ದೆಯಾಯಿತು ಎಂದು ನನಗನ್ನಿಸಿತು. ಖಚಿತವಾಗಿ ಹೇಳಲಾರೆ.

"ನಿನಗ ಕಲಿಸಿದವ್ರು ಯಾರು ಅಂತ ಗೊತ್ತದ" ಎಂದರು. "ಕುಂದರು. ಚಹಾ ಕುಡದು ಹೋಗು."

ಚಹಾ ಬಂತು, ಕೆನೆ ಹಾಕಿದ್ದು. ನಿಂತೇ ಕುಡಿದೆ.

ನನಗೆ ನಿದ್ದೆ ಕೆಡಿಸುವುದು ಇನ್ನೊಂದು. ಈ ತಾರೀಖುಗಳು ನನಗಿಂತ ಚೆನ್ನಾಗಿ ಕಾಕಾನಿಗೆ ಗೊತ್ತು. ಎಲ್ಲೇ ಇರಲಿ, ಯಾವ ತಿಂಗಳದು ಯಾವತ್ತು ಹೋಗುತ್ತದೆ ಎಂದು ಅವರ ಬಾಯಿ ಬೆಳಿಗ್ಗೆ ತಾನಾಗಿ ಹೇಳಿಕೊಳ್ಳುತ್ತಿರಬೇಕು. ಗೊತ್ತಿದ್ದೂ ಬರುತ್ತಿಲ್ಲ. ಬಿಟ್ಟುಕೊಟ್ಟಿದ್ದಾರೋ, ಕಾಯಿಲೆಯೋ, ಅಥವಾ ನಾನು ಊಹಿಸಲು ಇಷ್ಟಪಡದ ಮೂರನೆಯದೋ? ನಾನು ಎಣಿಸುವುದನ್ನು ನಿಲ್ಲಿಸಿದರೆ ಅವರ ಕಡೆಯಿಂದ ಎಣಿಸುವವರು ಯಾರೂ ಇರುವುದಿಲ್ಲ. ಅದಕ್ಕೇ ಇದನ್ನು ಅಚ್ಚಿಗೆ ಕಳಿಸುತ್ತಿದ್ದೇನೆ.

ಎತ್ತರದ ಆಳು, ಕರಿ ಕೊಡೆ, ಕೈಯಲ್ಲೊಂದು ಚೀಲ, ಮಾತಾಡುವಾಗ ಎಡಗಾಲು ತಾಳ ಹಾಕುತ್ತದೆ. ಸೋಲಾಪುರ, ಜಹೀರಾಬಾದ, ಎಲ್ಲೇ ಆಗಲಿ, ಇಂಥವರನ್ನು ಕಂಡವರು ದಯವಿಟ್ಟು ಈ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಈ ತಿಂಗಳ ಮೂವತ್ತೊಂದರೊಳಗೆ ತಿಳಿದರೆ ಎರಡು ತಿಂಗಳ ಪಗಾರಕ್ಕೂ ದಾವೆ ಹಾಕಬಹುದು, ಸಾಕ್ಷಿ ಹೇಳಲು ನಾನಿದ್ದೇನೆ. ಏಪ್ರಿಲ್ ಇಪ್ಪತ್ತೆಂಟರೊಳಗೆ ತಿಳಿದರೆ ಒಂದಕ್ಕೆ. ಅದೂ ದಾಟಿದ ಮೇಲೆ ಕಂಡರೂ ಬರೆಯಿರಿ, ಅದಕ್ಕೆ ಮಿಯಾದ ಇಲ್ಲ. ಮತ್ತೆ, ನೀವು ನೋಡಿದಾಗ ಅವರು ಕೂತಿದ್ದರೋ ನಿಂತಿದ್ದರೋ, ಅದನ್ನೂ ತಪ್ಪದೆ ಬರೆಯಿರಿ.